ತೊಟ್ಟಿಯಷ್ಟು ಕಡಲು

ಹಡಗೇರಿ ಕಡಲು ದಾಟುವ ಬೆಕ್ಕಿನ ಕತೆ ಬರೆದಾಗ ಸೌದಾಮಿನಿಯವರು ಕಡಲನ್ನೇ ಸರಿಯಾಗಿ ಕಂಡಿರಲಿಲ್ಲ. ಮೈಸೂರಿನಿಂದ ತಿರುವನಂತಪುರಕ್ಕೆ ವರ್ಗವಾಗಿದ್ದ ಗಂಡನಿಗೆ ರಾಕೆಟ್ಟುಗಳಿಂದ ಬಿಡುವಿಲ್ಲ. ಇವರಿಗೆ ಗೊತ್ತಿದ್ದದ್ದು ತರಕಾರಿ ಅಂಗಡಿ ಮತ್ತು ಕ್ವಾರ್ಟರ್ಸಿನ ಹಿತ್ತಲು. ವಿಳಿಂಜಂ ಅನ್ನುವ ಹೆಸರನ್ನು ಬಸ್ಸಿನ ಬೋರ್ಡಿನಲ್ಲಿ ಓದಿ, ಚೆನ್ನಾಗಿದೆಯಲ್ಲ ಎಂದು ಕತೆಯ ಬಂದರಿಗೆ ಇಟ್ಟುಬಿಟ್ಟಿದ್ದರು. ಆ ಪುಟ್ಟ ಪುಸ್ತಕ ಕೇರಳದ ಕನ್ನಡ ಮನೆಗಳಲ್ಲಿ ಮಕ್ಕಳಿಗೆ ತುತ್ತಿನ ಜೊತೆ ಇಳಿಯತೊಡಗಿತು.

ಇಪ್ಪತ್ತು ವರ್ಷದ ಮೇಲೆ, 2006ರ ಒಂದು ಭಾನುವಾರ, ಕೊಚ್ಚಿಯ ಕನ್ನಡ ಸಂಘದವರು ಬಸ್ಸು ಮಾಡಿಕೊಂಡು ಕತೆ ಹುಟ್ಟಿದ ಜಾಗ ನೋಡಲು ತಿರುವನಂತಪುರಕ್ಕೆ ಬಂದೇಬಿಟ್ಟರು. ಅಲ್ಲೇ ನೆಲೆಸಿದ್ದ ಸೌದಾಮಿನಿಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ನೇರ ವಿಳಿಂಜಂಗೆ ಹೊರಟರು.

ಸಂಘದ ಕಾರ್ಯದರ್ಶಿ, ಕಾಸರಗೋಡಿನ ವಕೀಲ ಉಪೇಂದ್ರ, ಮೀನಿನ ದೋಣಿಗಳ ನಡುವೆ ಒಂದು ಬಂಡೆ ಹುಡುಕಿದರು. "ಬೆಕ್ಕು ಹಡಗು ಹತ್ತಿದ್ದು ಇಲ್ಲಿಂದಲೇ ಅಲ್ವಾ ಅಮ್ಮ? ಒಂದು ಫೋಟೋ ಹೊಡೆಯುವ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಉಪೇಂದ್ರರ ಒಂಬತ್ತು ವರ್ಷದ ಮಗಳು ಮೇಧಾ ಪುಸ್ತಕ ಬಿಡಿಸಿ ನಿಂತಿದ್ದಳು. ಬೆಕ್ಕು ಇಳಿದುಬಂದ ಏಳು ಮೆಟ್ಟಿಲು ಎಲ್ಲಿ ಎಂದು ಮಲಯಾಳದಲ್ಲಿ ಕೇಳಿದಳು. ಸೌದಾಮಿನಿಯವರಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ನಿಜ ಹೇಳಿದರೆ ಈ ಹುಡುಗಿ ಆ ಪುಸ್ತಕವನ್ನು ಇನ್ನು ಮುಟ್ಟುತ್ತಾಳೋ ಇಲ್ಲವೋ.

"ಇಲ್ಲಿಗೆ ನಾನು ಬರ್ತಿರೋದು ಇದೇ ಮೊದಲು ಕಣಮ್ಮ."

"ಎಂತದಮ್ಮ ಇದು!" ಉಪೇಂದ್ರರ ದನಿ ಏರಿತು. "ಐದು ಗಂಟೆ ಬಸ್ಸಿನಲ್ಲಿ ಸೊಂಟ ಮುರಿದುಕೊಂಡದ್ದು ಮತ್ತೆ ಎಂತಕ್ಕೆ?"

"ಬಂದರು ನಮ್ಮ ಹಳೇ ಮನೆ ಹಿತ್ತಲಲ್ಲಿದೆ. ಬನ್ನಿ ತೋರಿಸ್ತೀನಿ."

ಬಸ್ಸು ತುಂಬ ಜನ ಹಿತ್ತಲಿಗೆ ನುಗ್ಗಿದ್ದು ಕಂಡು, ಆ ಮನೆಯಲ್ಲಿ ಈಗಿದ್ದ ಗೃಹಸ್ಥರು ಲುಂಗಿ ಸರಿಮಾಡಿಕೊಂಡರು. ಏಳು ಮೆಟ್ಟಿಲೇನೋ ಇದ್ದವು. ಕೆಳಗೆ ಒಗೆಯುವ ಕಲ್ಲು, ಪಕ್ಕದಲ್ಲಿ ಮೊಣಕಾಲೆತ್ತರದ ಸಿಮೆಂಟು ತೊಟ್ಟಿ.

"ಇದಾಣೋ ಕಡಲ್?" ಮೇಧಾಳ ಮುಖ ಚಿಕ್ಕದಾಯಿತು.

"ನೀನು ನಿಂತ್ಕೊಂಡು ನೋಡಿದ್ರೆ ಹೇಗೆ? ಬೆಕ್ಕು ಎಷ್ಟೆತ್ತರ ಇರುತ್ತೆ ಹೇಳು."

ಸೌದಾಮಿನಿಯವರು ಸೆರಗು ಸಿಕ್ಕಿಸಿ, ಅಷ್ಟೂ ಜನರೆದುರು ಅಂಗೈ ಮೊಣಕಾಲೂರಿ, ಗಲ್ಲವನ್ನು ತೊಟ್ಟಿಯ ಅಂಚಿಗಿಟ್ಟರು. ಯಾರೋ ಕಿಸಕ್ಕೆಂದರು. ಮೇಧಾಳೂ ಪಕ್ಕದಲ್ಲಿ ಬಗ್ಗಿದಳು. ಕಣ್ಣಿನ ಮಟ್ಟಕ್ಕೆ ಬಂದ ನೀರು ಹಿಗ್ಗಿತು, ಆಚೆ ದಡ ದೂರ ಸರಿಯಿತು. ಗಾಳಿಗೆ ಸಣ್ಣ ಅಲೆಗಳೆದ್ದವು. ನಡುವೆ ಒಂದು ಹಲಸಿನ ಎಲೆ ತೂಗಾಡಿತು.

ಮೇಧಾ ಉಫ್ ಎಂದು ಎಲೆಯತ್ತ ಊದಿದಳು. ನೀರಿನ ಮೇಲೆ ಒಂದು ನೆರಳು ಬಿದ್ದಾಗ ತಿರುಗದೆಯೇ ಕೈಬೀಸಿದಳು.

"ಅಪ್ಪ, ಆಚೆ ನಿಲ್ಲಿ. ಹಡಗು ಹೊರಟಾಯ್ತು!"

ವಕೀಲರು ಪಂಚೆ ಮೇಲೆ ಕಟ್ಟಿ, ಮಂಡಿ ಹಿಡಿದುಕೊಂಡು, ನಿಧಾನವಾಗಿ ಬಗ್ಗಿದರು.