ಒಂಟೆಯ ಕೂದಲು, ಜೇಡದ ಪೊರೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಬಂಗಾಳದ ಕಾಳಿಘಾಟ್‌ನಲ್ಲಿ, ಅಪ್ಪನ ಉಡುಪಿ ಹೋಟೆಲಿನ ಹಿಂದೆಯೇ ಇತ್ತು. ದೋಸೆಯ ವಾಸನೆ ಹಾಸಿಗೆಯವರೆಗೂ ಬರುತ್ತಿತ್ತು. ಆ ವರ್ಷ ಅಕ್ಕನಿಗೆ ಟೈಫಾಯ್ಡ್ ಬಂತು. ಜ್ವರವೇನೋ ಬಿಟ್ಟಿತು, ಆದರೆ ಸೊಂಟದುದ್ದದ ಜಡೆ ಪೂರ್ತಿ ಉದುರಿಹೋಯಿತು. ಅಕ್ಕ ಕೋಣೆಯ ಬಾಗಿಲು ಹಾಕಿಕೊಂಡಳು, ಶಾಲೆಗೂ ಹೋಗಲಿಲ್ಲ. ಪ್ರತಿ ಶುಕ್ರವಾರ ಅಮ್ಮ ಎಂದಿನಂತೆ ಮಲ್ಲಿಗೆ ಕಟ್ಟಿ, ಮುಡಿಸಲು ಜಡೆಯಿಲ್ಲದೆ, ಆ ಬಾಗಿಲಿನ ಚಿಲಕಕ್ಕೆ ಸಿಕ್ಕಿಸಿ ಬರುತ್ತಿದ್ದಳು. ಅದು ಅಲ್ಲೇ ಬಾಡುತ್ತಿತ್ತು.

ಬೇಸಿಗೆಯ ಒಂದು ಭಾನುವಾರ ಅಪ್ಪ ನನ್ನನ್ನು ಅಲಿಪುರದ ಮೃಗಾಲಯಕ್ಕೆ ಕರೆದೊಯ್ದರು. ಅಕ್ಕ ಬರಲಿಲ್ಲ. ಅಲ್ಲಿ ಒಂಟೆಯ ಮೈಕೂದಲು ಹರಿದ ಕಂಬಳಿಯ ಹಾಗೆ ಜೋತಾಡುತ್ತಿತ್ತು. ಬಿಸಿಲು ಏರಿದಾಗ ಒಂಟೆ ಹಾಗೆ ಕೂದಲು ಉದುರಿಸುತ್ತದಂತೆ. ಮಂದಿ ನಗುತ್ತಿದ್ದರು, ಅದು ಮೆಲುಕು ಹಾಕುತ್ತಾ ನಿಂತಿತ್ತು. ಮನೆಗೆ ಬಂದವನೇ ಬಾಗಿಲ ಸಂದಿಗೆ ಬಾಯಿಟ್ಟು ಎಲ್ಲ ಹೇಳಿದೆ.

"ಅದಕ್ಕೆ ನಾಚಿಕೆಯೇ ಇಲ್ಲ ಅಕ್ಕ. ನೀನೂ ಹೊರಗೆ ಬಾ."

"ಒಂಟೆಯ ಮನೆಯಲ್ಲಿ ಕನ್ನಡಿ ಇಲ್ಲ ಮಾರಾಯ," ಎಂದಳು ಅಕ್ಕ.

ಬೇಜಾರಾಗಿ ಹಿತ್ತಲಿಗೆ ಹೋದೆ. ಹೋಟೆಲಿನ ಸೌದೆ ರಾಶಿಯಲ್ಲಿ, ಪೊಟರೆಯಿದ್ದ ಒಂದು ದಿಮ್ಮಿಯೊಳಗೆ, ನನ್ನ ಅಂಗೈಯಗಲದ ರೋಮದ ಜೇಡವೊಂದಿತ್ತು. ಬಂಗಾಳದ ಮರಗಳಲ್ಲಿರುವ ಟ್ಯಾರಂಟುಲಾ ಅದೆಂದು ಆಮೇಲೆ ತಿಳಿಯಿತು. ಅಂದು ಅದು ಕಾಲು ಮೇಲೆ ಮಾಡಿ ಬಿದ್ದಿತ್ತು. ಸತ್ತಿದೆ ಎಂದುಕೊಂಡು, ಎಳೆದುಹಾಕಲು ಕೋಲು ತಂದೆ.

"ಮುಟ್ಟಬೇಡ! ಸತ್ತದ್ದಲ್ಲ ಅದು. ಕಾಲು ಅಲ್ಲಾಡ್ತಾ ಉಂಟು!"

ಸೌದೆ ರಾಶಿಗೆ ತಾಗಿದ್ದ ತನ್ನ ಕೋಣೆಯ ಕಿಟಕಿಯಿಂದ ಕೂಗಿದ ಅಕ್ಕ, ನಾನು ಕೇಳದಿದ್ದಾಗ ಬಾಗಿಲು ತೆರೆದು ಓಡಿಬಂದಳು. ತಲೆಯ ಮೇಲೆ ಬಟ್ಟೆಯೂ ಇರಲಿಲ್ಲ. ಅಡಿಗೆಭಟ್ಟರು ಸೌಟು ಹಿಡಿದು ನಿಂತುಬಿಟ್ಟರು. ಅಕ್ಕ ಯಾರನ್ನೂ ನೋಡದೆ ನನ್ನ ಕೋಲು ಕಿತ್ತುಕೊಂಡಳು.

ಇಬ್ಬರೂ ಸೌದೆಯ ಎದುರು ಕುಕ್ಕರಗಾಲಲ್ಲಿ ಕೂತೆವು. ಜೇಡ ಒಂದೊಂದೇ ಕಾಲನ್ನು ಹಳೆಯ ಚರ್ಮದಿಂದ ಎಳೆದುಕೊಂಡಿತು. ಕತ್ತಲಾಗುವ ಹೊತ್ತಿಗೆ ಖಾಲಿ ಪೊರೆಯ ಪಕ್ಕದಲ್ಲಿ ಸುಸ್ತಾಗಿ ಮಲಗಿತ್ತು.

"ಒಂಟೆ ಎಲ್ಲರೆದುರೂ ಉದುರಿಸಿಕೊಳ್ತದೆ. ಇದಕ್ಕೆ ಒಂದು ಮೂಲೆ ಬೇಕು. ನಾನು ಇದರ ಜಾತಿ," ಎಂದಳು ಅಕ್ಕ. "ನನಗೂ ಕೋಲು ಹಾಕಬೇಡಿ."

ಅಕ್ಕ ಮತ್ತೆ ಕೋಣೆಗೆ ಹೋದಳು. ಆಮೇಲೆ ಅವಳನ್ನು ಹೊರಗೆ ಬಾ ಎಂದು ಯಾರೂ ಕರೆಯಲಿಲ್ಲ. ಕೆಲವು ವಾರ ಕಳೆದು, ಒಂದು ಶುಕ್ರವಾರ, ಅಕ್ಕ ಚಿಲಕದ ಮಲ್ಲಿಗೆಯನ್ನು ಕೈಗೆ ಸುತ್ತಿಕೊಂಡು ತಾನೇ ಊಟಕ್ಕೆ ಬಂದು ಕೂತಳು.

ಮಕ್ಕಳೇ, ಈಗ ನಾವಿರುವುದು ಅದೇ ಊರಿನ ನ್ಯೂ ಟೌನ್‌ನ ಎತ್ತರದ ಫ್ಲ್ಯಾಟಿನಲ್ಲಿ. ಇಲ್ಲಿ ಸೌದೆಯಿಲ್ಲ, ಜೇಡ ಹತ್ತಿ ಬರುವುದಿಲ್ಲ. ಕಿಟಕಿ ತುಂಬಾ ಕ್ರೇನುಗಳು, ಐಟಿ ಕಂಪನಿಗಳ ಗಾಜಿನ ಕಟ್ಟಡಗಳು. ಅವುಗಳಲ್ಲೊಂದಕ್ಕೆ ದಿನಾ ಹೋಗುತ್ತಿದ್ದ ನಿಮ್ಮ ಅಮ್ಮ, ಆಸ್ಪತ್ರೆಯ ಔಷಧಿಗೆ ಕೂದಲು ಉದುರಿದ ಮೇಲೆ, ಅಂದು ನಿಮ್ಮ ಅತ್ತೆ ಮಾಡಿದ ಹಾಗೆಯೇ ಬಾಗಿಲು ಹಾಕಿಕೊಂಡಿದ್ದಾಳೆ. ಅಮ್ಮನಿಗೆ ನಮ್ಮ ಮೇಲೆ ಕೋಪವಾ ಎಂದು ನಿನ್ನೆ ಕೇಳಿದಿರಿ. ಇಲ್ಲ ಮಕ್ಕಳೇ. ನನಗೂ ಭಯವಿದೆ, ಆದರೂ ಬಾಗಿಲು ಬಡಿಯುವುದು ಬೇಡ. ಇವತ್ತು ಶುಕ್ರವಾರ, ಮಲ್ಲಿಗೆ ತಂದಿದ್ದೇನೆ. ಚಿಲಕಕ್ಕೆ ಸಿಕ್ಕಿಸಿ, ಇಲ್ಲೇ ಹೊರಗೆ ನಾವೂ ಕೂತಿರೋಣ.