ಮಗಳ ಕೈ ಹಿಡಿದವರು

ಶುಕ್ರವಾರ ಸಂಜೆ ನಮ್ಮ ಚಾರಣದ ಬಸ್ಸಿಗೆ ಒಬ್ಬ ಮಹಿಳೆ ಹೆಬ್ಬಾಳದಲ್ಲಿ ಹತ್ತಿದರು. ಆರ್.ಟಿ. ನಗರದಲ್ಲಿ ಬಟ್ಟೆ ಹೊಲಿಯುತ್ತಿದ್ದವರು, ಐವತ್ತು ದಾಟಿತ್ತು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಯಾರು ಏನು ಹೇಳಿಕೊಂಡರೂ "ನಂದೂ ಅದೇ ಕಥೆ" ಎನ್ನುತ್ತಿದ್ದರು.

ಮರುದಿನ ದ್ವೀಪಕ್ಕೆ ಹೊರಟ ದೋಣಿ ಅಲೆಗೆ ವಾಲಿದಾಗ ನನ್ನ ಹತ್ತು ವರ್ಷದ ಮಗಳು ಬಿಳಿಚಿಕೊಂಡಳು.

"ಹೆದರ್ಬಾರ್ದು ಪುಟ್ಟಿ, ಏನೂ ಆಗಲ್ಲ" ಎಂದು ಕೈ ಚಾಚಿದೆ.

"ನಂದೂ ಅದೇ ಕಥೆ ಬೇಟಾ, ಜೀವ ಹೋಗ್ತಿದೆ. ನನ್ ಕೈ ಸ್ವಲ್ಪ ಹಿಡ್ಕೋತೀಯಾ?" ಎಂದರು ಅವರು.

ಮಗಳು ನನ್ನನ್ನು ದಾಟಿ ಹೋಗಿ ಅವರ ಪಕ್ಕ ಕೂತಳು.

ದ್ವೀಪದ ಗುಡ್ಡವನ್ನೂ ಇಬ್ಬರೂ ಕೈಬಿಡದೆ ಹತ್ತಿದರು. ಹಿಂದೆ ನಡೆಯುತ್ತಿದ್ದ ನನಗೆ ನಗು ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಬೇಗಬೇಗ ಹೆಜ್ಜೆ ಹಾಕಿ ಹತ್ತಿರ ಹೋದರೆ ಮಗಳು ಮಾತು ನಿಲ್ಲಿಸುತ್ತಿದ್ದಳು. ನನಗೆ ಹೊಟ್ಟೆ ಉರಿಯಿತು.

ಸೋಮವಾರ ಬೆಳಿಗ್ಗೆ ಅವರು ಹೆಬ್ಬಾಳದಲ್ಲಿ ಇಳಿಯುವಾಗ ಮಗಳು ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದಳು. ಅವರು ಬಗ್ಗಿ ಅವಳ ಕೂದಲು ಸರಿಮಾಡಿದರು.

"ಎಬ್ಬಿಸ್ಬೇಡಿ ಪಾಪ. ಎದ್ಮೇಲೆ ಹೇಳಿ, ಅಂಗಡಿಗೆ ಕರ್ಕೊಂಡ್ ಬನ್ನಿ, ಒಂದು ಫ್ರಾಕ್ ಹೊಲ್ಕೊಡ್ತೀನಿ."

"ಖಂಡಿತ ಹೇಳ್ತೀನಿ" ಎಂದೆ.

ಯಲಹಂಕ ಬಂದಾಗ ಮಗಳು ಎದ್ದು ಹಿಂದಿನ ಸೀಟು ನೋಡಿದಳು.

"ಅಮ್ಮಾ, ಆಂಟಿ ನಂಗೇನೂ ಹೇಳ್ದೇನೇ ಹೋಗ್ಬಿಟ್ರಾ?"

"ಹೂಂ" ಎಂದೆ.