ಸಮ ಬಿದ್ದರೆ ಕೂತವರದು

ನಮ್ಮ ಭಾಗ್ಯನಗರದ ಮನೆಯ ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ, ಜೀರಿಗೆಗಳ ಪಕ್ಕದ ಪುಟ್ಟ ಬಟ್ಟಲೊಂದರಲ್ಲಿ ಮೂರು ಕೆಂಪು, ಎರಡು ಬಿಳಿ ದಾಳಗಳಿವೆ ಎಂದರೆ ನೀವು ನಗಬಹುದು. ರಜೆಗೆ ಬಂದ ಮೊಮ್ಮಕ್ಕಳು ಬಿಟ್ಟುಹೋದ, ದೇಶ ಗೆಲ್ಲುವ ಬೋರ್ಡ್ ಗೇಮಿನವು ಅವು. ಪ್ಲಾಸ್ಟಿಕ್ ಸೈನಿಕರೆಲ್ಲ ಕಳೆದುಹೋಗಿ ಈಗ ಹುಣಸೆ ಬೀಜಗಳೇ ನಮ್ಮ ಆರ್ಮಿ: ಇಡಿಯವು ನನ್ನವು, ಒಡೆದವು ನಾದಿನಿ ಗಿರಿಜಾಳವು.

ಕಳೆದ ವರ್ಷ ಲಕ್ವಾ ಹೊಡೆದು ಬಲಗೈ ಸೋತಾಗಿನಿಂದ ಗಿರಿಜಾ ನಮ್ಮಲ್ಲೇ ಇದ್ದಾಳೆ. ಬೆರಳುಗಳಿಗೆ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದಕ್ಕೇ ಈ ಆಟ ಶುರುವಾದದ್ದು. ಕಾನ್ವೆಂಟಿನ ಸಿಸ್ಟರುಗಳು ನನಗೆ ಮ್ಯಾಪ್ ರೀಡಿಂಗ್ ಕಲಿಸಿದ್ದರು. ಗಿರಿಜಾಳಿಗೆ ಆ ಇಂಗ್ಲಿಷ್ ಹೆಸರುಗಳ ಹಂಗಿಲ್ಲ. ಬೋರ್ಡಿನ ಭೂಪಟದ ಮೂಲೆಯ ಅಲಾಸ್ಕಾ ಅವಳ ಪಾಲಿಗೆ ನಮ್ಮ ಸೀಮೆಯ ತಳಕಲ್, ಅದರ ಪಕ್ಕದ್ದು ಕುಷ್ಟಗಿ.

ದಾಳಿಗೆ ಹೊರಟವರಿಗೆ ಮೂರು ಕೆಂಪು ದಾಳ, ಕಾಯುವವರಿಗೆ ಎರಡು ಬಿಳಿ. ದೊಡ್ಡ ಅಂಕಿಗೆ ದೊಡ್ಡ ಅಂಕಿ ಎದುರು ನಿಲ್ಲುತ್ತದೆ. ಎರಡೂ ಸಮ ಬಿದ್ದರೆ ಗೆಲುವು ಕೂತವರದು, ಅಂದರೆ ಕಾಯುವವರದು. ಮೊದಲ ಸಲ ನನ್ನ ದಾಳಿಯಲ್ಲಿ ಹಾಗೆ ಬಿದ್ದಾಗ, ಚೌಕಾಬಾರಾ ಆಡಿ ಬೆಳೆದ ಗಿರಿಜಾ ತನ್ನ ಬೀಜವನ್ನು ತಾನೇ ಎತ್ತಿ ನನ್ನ ಕೈಗಿಟ್ಟಿದ್ದಳು. "ಬಂದಾಕಿ ಹೊಡಿತಾಳ, ಕುಂತಾಕಿ ಏಳಬೇಕಲ್ರಿ ವೈನಿ?" ಇಲ್ಲಿ ಹಾಗಲ್ಲವೆಂದು ನಾನು ಬೀಜವನ್ನು ಅದರ ಜಾಗದಲ್ಲೇ ಮತ್ತೆ ಕೂರಿಸಿದೆ.

ಈ ನಿಯಮ ಮಾಡಿದವರು ಯಾರೋ ನಾನರಿಯೆ. ಆದರೆ ಇದ್ದಲ್ಲೇ ಇದ್ದು, ಇದ್ದುದನ್ನು ಕಾಪಾಡಿಕೊಳ್ಳುವುದಕ್ಕೂ ಒಂದು ಶೌರ್ಯ ಬೇಕೆಂದು ಅರಿತ, ಯುದ್ಧದ ನಡುವೆಯೂ ಮರ್ಯಾದೆ ಮರೆಯದ ಆ ಜೀವಕ್ಕೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಕೈಮುಗಿದಿದ್ದೇನೆ.

ಗಿರಿಜಾಳ ಬಲಮುಷ್ಟಿಯಲ್ಲಿ ಎರಡೇ ದಾಳ ನಿಲ್ಲುತ್ತಿದ್ದವು. ಹಾಗಾಗಿ ಅವಳು ಕಾಯುತ್ತಿದ್ದಳೇ ಹೊರತು ದಾಳಿಗೆ ಬರುತ್ತಿರಲಿಲ್ಲ. ಕಡಿಮೆ ದಾಳದಲ್ಲೂ ದಾಳಿ ಮಾಡಬಹುದೆಂದರೆ, "ದಂಡೆತ್ತಿ ಹೋದ್ರ ಮೂರೂ ಹಿಡಕೊಂಡ ಹೋಗಬೇಕ್ರಿ" ಎನ್ನುತ್ತಿದ್ದಳು. ಮೂರೂ ನಿಂತ ದಿನ ತಾನೇ ರೊಟ್ಟಿ ಬಡಿಯುತ್ತೇನೆಂಬುದು ಅವಳ ಹಟ. ಪರರ ಕೈಯ ರೊಟ್ಟಿ ಅವಳಿಗೆ ಗಂಟಲಲ್ಲಿ ಇಳಿಯದು.

ಮೊನ್ನೆ ಮಧ್ಯಾಹ್ನ ಅವಳ ಕೈ ನೇರ ಕೆಂಪು ದಾಳಗಳತ್ತ ಹೋಯಿತು. ಒಂದು, ಎರಡು... ಮೂರನೆಯದು ಜಾರಿತು. ಮತ್ತೆ ಎತ್ತಿಕೊಂಡಳು. ಬೆರಳುಗಳು ಒಂದೊಂದಾಗಿ ಮೂರರ ಮೇಲೂ ಮುಚ್ಚಿಕೊಂಡವು.

"ತಳಕಲ್ಲಿಂದ ಹೊಂಟೇನ್ರಿ ವೈನಿ. ನಿಮ್ಮ ಕುಷ್ಟಗಿ ಜ್ವಾಕಿ!"

ಅವಳಿಗೆ ಬಿದ್ದ ದೊಡ್ಡ ಅಂಕಿ ಐದು. ಕುಷ್ಟಗಿಯಲ್ಲಿ ನನ್ನದೊಂದೇ ಬೀಜ ಉಳಿದಿದ್ದರಿಂದ ನನಗೆ ಒಂದೇ ದಾಳ. ಹಾಕಿದೆ: ನನಗೂ ಐದು! ಅವಳ ಬಾಡಿದ ಮುಖ ನೋಡಿ ನನ್ನ ಮನಸ್ಸು ಕರಗಿತು.

"ಇರಲಿ ಗಿರಿಜಾ, ಕುಷ್ಟಗಿ ನೀನ ತಗೋ."

"ಯಾಕ್ರಿ? ನಾ ಕುಂತಾಗ ನನಗಾದ ಕಾನೂನು ಈಗ ನಿಮಗ ಬ್ಯಾಡೇನ್ರಿ? ಪುಕ್ಕಟೆ ಊರು ನನಗ ಬ್ಯಾಡ," ಎಂದು ತನ್ನ ಬೀಜವನ್ನು ತಾನೇ ಎತ್ತಿ ಬಟ್ಟಲಿಗೆ ಹಾಕಿದಳು. ಸೋತವಳು ಅಡುಗೆಮನೆಯತ್ತ ತಿರುಗಿ, "ಮೂರೂ ನಿಂತಾವಲ್ರಿ, ಹಿಟ್ಟಿನ ಡಬ್ಬಿ ಕೆಳಗ ಇಳಸ್ರಿ" ಎಂದಳು.

ರೊಟ್ಟಿ ದಪ್ಪಗಿತ್ತು, ಅಂಚು ಹರಿದಿತ್ತು. ಸಂಜೆ ಇಬ್ಬರೂ ಅದನ್ನೇ ಉಂಡೆವು. ಮೊದಲೆಲ್ಲ ಒಗ್ಗರಣೆ ಡಬ್ಬಿ ತೆರೆದೊಡನೆ ಎರಡು ಬಿಳಿ ದಾಳ ಆರಿಸಿ ಅವಳ ಮುಂದಿಡುತ್ತಿದ್ದೆ. ಈಗ ಬಟ್ಟಲನ್ನು ನಡುವೆ ಇಡುತ್ತೇನೆ; ಕೆಂಪೋ ಬಿಳಿಯೋ, ಅವಳೇ ಆರಿಸಿಕೊಳ್ಳುತ್ತಾಳೆ.